ಮೂಳೆ ಬೆಳೆಯಲು ಹಂದರ: ಪಾಲಿಮರ್‌ಗೆ ಮೇಲ್ಮೈ ಸಂಸ್ಕಾರ

ಮುರಿದ ಮೂಳೆ ತಾನಾಗಿಯೇ ಕೂಡಿಕೊಳ್ಳುತ್ತದೆ ಎಂಬುದು ನಿಮಗೆ ಗೊತ್ತು. ಮುರಿದ ತುದಿಗಳನ್ನು ನೇರವಾಗಿ ಜೋಡಿಸಿ, ಅಲುಗಾಡದಂತೆ ಹಿಡಿದಿಡುವುದು ವೈದ್ಯರ ಕೆಲಸ. ಉಳಿದದ್ದನ್ನು ದೇಹ ನೋಡಿಕೊಳ್ಳುತ್ತದೆ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಆಮೇಲೆ ಅಲ್ಲಿ ಮೆದುವಾದ ಅಂಗಾಂಶ ಬೆಳೆಯುತ್ತದೆ, ಕೊನೆಗೆ ಅದರಲ್ಲಿ ಖನಿಜ ತುಂಬಿ ಗಟ್ಟಿ ಮೂಳೆಯಾಗುತ್ತದೆ. ಗಾಯ ವಾಸಿಯಾದಾಗ ಚರ್ಮದ ಮೇಲೆ ಕಲೆ ಉಳಿಯುತ್ತದೆ. ಮೂಳೆಯಾದರೋ ಹೆಚ್ಚುಕಡಿಮೆ ಮೊದಲಿನಂತೆಯೇ ಆಗಿಬಿಡುತ್ತದೆ.

ಆದರೆ ಈ ಸಾಮರ್ಥ್ಯಕ್ಕೂ ಒಂದು ಮಿತಿ ಇದೆ. ರಾಯಚೂರು ಜಿಲ್ಲೆಯ ಗುಂಜಹಳ್ಳಿಯ ರೈತರೊಬ್ಬರು ಟ್ರ್ಯಾಕ್ಟರಿನಿಂದ ಬಿದ್ದು, ಮೊಣಕಾಲಿನ ಕೆಳಗಿನ ಮೂಳೆ ಪುಡಿಯಾಯಿತು ಎಂದಿಟ್ಟುಕೊಳ್ಳಿ. ಚೂರುಗಳನ್ನು ತೆಗೆದ ಮೇಲೆ ಎರಡು ತುದಿಗಳ ನಡುವೆ ಕೆಲವು ಸೆಂಟಿಮೀಟರ್ ಅಂತರ ಉಳಿಯುತ್ತದೆ. ಇಷ್ಟು ದೊಡ್ಡ ಅಂತರವನ್ನು ದೇಹ ತಾನೇ ತುಂಬಲಾರದು. ಆಗ ಶಸ್ತ್ರವೈದ್ಯರು ಸಾಮಾನ್ಯವಾಗಿ ಅದೇ ರೋಗಿಯ ಸೊಂಟದ ಮೂಳೆಯಿಂದ ಸ್ವಲ್ಪ ಭಾಗ ಕೆತ್ತಿ ತೆಗೆದು ಅಲ್ಲಿ ತುಂಬುತ್ತಾರೆ. ಇಂದಿಗೂ ಇದೇ ಅತ್ಯಂತ ನಂಬಿಕೆಯ ವಿಧಾನ. ಆದರೆ ಇದಕ್ಕೆ ಎರಡನೆಯ ಗಾಯ ಮಾಡಬೇಕು. ಸೊಂಟದ ನೋವು ಬಹುಕಾಲ ಕಾಡಬಹುದು. ತೆಗೆಯಬಹುದಾದ ಮೂಳೆಯ ಪ್ರಮಾಣವೂ ಕಡಿಮೆ. ಹೊಲದ ಕೆಲಸವನ್ನೇ ನಂಬಿದವರಿಗೆ ಎರಡು ಗಾಯವೆಂದರೆ ಎರಡು ಪಟ್ಟು ನಷ್ಟ.

ಹಾಗಾದರೆ ಹೊರಗಿನಿಂದ ಒಂದು ಹಂದರವನ್ನು ಕೊಟ್ಟು, ಅದರ ಮೇಲೆ ದೇಹವೇ ಹೊಸ ಮೂಳೆಯನ್ನು ಬೆಳೆಸಿಕೊಳ್ಳುವಂತೆ ಮಾಡಲು ಸಾಧ್ಯವೇ? ಈ ಪ್ರಶ್ನೆಯಿಂದ ಹುಟ್ಟಿದ ಶಾಸ್ತ್ರವೇ ಅಂಗಾಂಶ ಎಂಜಿನಿಯರಿಂಗ್. ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 1993ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಹೆಸರು ಎಲ್ಲೆಡೆ ಪರಿಚಿತವಾಯಿತು.

ಹಂದರ ಹೇಗಿರಬೇಕು?

ಹೀರೆ, ಹಾಗಲ ಬಳ್ಳಿಗೆ ಹಾಕುವ ಹಂದರವನ್ನು ನೋಡಿದ್ದೀರಿ. ಬಳ್ಳಿಗೆ ಆಕಾರ ಕೊಡುವುದು ಹಂದರ, ಬೆಳೆಯುವುದು ಬಳ್ಳಿ. ಮೂಳೆಯ ಹಂದರವೂ ಹಾಗೆಯೇ. ಒಂದು ಮುಖ್ಯ ವ್ಯತ್ಯಾಸವೆಂದರೆ, ಬಳ್ಳಿ ಬೆಳೆದಂತೆಲ್ಲ ಈ ಹಂದರ ನಿಧಾನವಾಗಿ ಕರಗಿ ಮಾಯವಾಗಬೇಕು.

ಹಂದರದೊಳಗೆ ಒಂದಕ್ಕೊಂದು ಸೇರಿಕೊಂಡ ರಂಧ್ರಗಳಿರಬೇಕು. ಜೀವಕೋಶಗಳು ಒಳಗೆ ಹೋಗಲು, ರಕ್ತನಾಳಗಳು ಬೆಳೆಯಲು ಈ ದಾರಿಗಳು ಬೇಕು. ರಕ್ತನಾಳದಿಂದ ಸುಮಾರು 100ರಿಂದ 200 ಮೈಕ್ರೊಮೀಟರಿಗಿಂತ ದೂರವಿರುವ ಕೋಶಕ್ಕೆ ಸಾಕಷ್ಟು ಆಕ್ಸಿಜನ್ ತಲಪುವುದಿಲ್ಲ. ಮೂಳೆಗೆ 300 ಮೈಕ್ರೊಮೀಟರ್ ಅಥವಾ ಅದಕ್ಕೂ ಹೆಚ್ಚು ಅಗಲದ ರಂಧ್ರಗಳು ಅನುಕೂಲ ಎಂದು ಅನೇಕ ಅಧ್ಯಯನಗಳು ಹೇಳುತ್ತವೆ. ಜೊತೆಗೆ ಹಂದರಕ್ಕೆ ಭಾರ ತಡೆಯುವಷ್ಟು ಬಲವೂ ಇರಬೇಕು.

ಇದಕ್ಕೆ ಹೆಚ್ಚಾಗಿ ಬಳಸುವುದು ಪಾಲಿಲ್ಯಾಕ್ಟಿಕ್ ಆಮ್ಲ (ಪಿಎಲ್‌ಎ), ಪಾಲಿಕ್ಯಾಪ್ರೊಲ್ಯಾಕ್ಟೋನ್ (ಪಿಸಿಎಲ್) ಮುಂತಾದ ಪಾಲಿಮರ್‌ಗಳನ್ನು. ಇವೆಲ್ಲ ಪಾಲಿಎಸ್ಟರ್‌ಗಳು. ಅಂದರೆ ಇವುಗಳ ಉದ್ದನೆಯ ಅಣುಸರಪಣಿಯಲ್ಲಿ ಎಸ್ಟರ್ ಬಂಧಗಳು ಸಾಲಾಗಿ ಇರುತ್ತವೆ. ದೇಹದೊಳಗಿನ ನೀರು ಈ ಬಂಧಗಳನ್ನು ಒಂದೊಂದಾಗಿ ಒಡೆಯುತ್ತದೆ. ಪಿಎಲ್‌ಎ ಒಡೆದಾಗ ಲ್ಯಾಕ್ಟಿಕ್ ಆಮ್ಲ ಬರುತ್ತದೆ. ಇದು ನಾವು ಓಡುವಾಗ ಸ್ನಾಯುಗಳಲ್ಲಿ ಉಂಟಾಗುವ, ಮೊಸರಿನಲ್ಲಿ ಹುಳಿ ಕೊಡುವ ಆಮ್ಲವೇ. ಪಿಸಿಎಲ್ ಇನ್ನೂ ನಿಧಾನ, ಪೂರ್ತಿ ಕರಗಲು ಎರಡು ಮೂರು ವರ್ಷಗಳೇ ಬೇಕಾಗಬಹುದು. ಕರಗುವ ಹೊಲಿಗೆ ದಾರಗಳಲ್ಲಿ ಇದೇ ಕುಟುಂಬದ ಪಾಲಿಮರ್‌ಗಳನ್ನು ಅರ್ಧ ಶತಮಾನದಿಂದ ಬಳಸುತ್ತ ಬಂದಿದ್ದಾರೆ. ಆದ್ದರಿಂದ ವೈದ್ಯರಿಗೆ ಇವು ಹೊಸಬರಲ್ಲ.

ಇವುಗಳನ್ನು ಕರಗಿಸಿ ಎಳೆಯಾಗಿ ಎಳೆದು, ಎಳೆಯ ಮೇಲೆ ಎಳೆ ಅಡ್ಡಡ್ಡ ಇಟ್ಟು ತ್ರಿಆಯಾಮ ಮುದ್ರಣ ಯಂತ್ರದಲ್ಲಿ ಬೇಕಾದ ಆಕಾರದ ಹಂದರ ಮಾಡಬಹುದು. ಆಕಾರ, ರಂಧ್ರ, ಬಲ, ಕರಗುವಿಕೆ ಎಲ್ಲ ಸರಿಹೋಯಿತು. ಆದರೂ ಜೀವಕೋಶಗಳು ಅದರ ಮೇಲೆ ಚೆನ್ನಾಗಿ ಕೂರುವುದಿಲ್ಲ. ಏಕೆ?

ಕೋಶ ಮುಟ್ಟುವುದು ಪ್ಲಾಸ್ಟಿಕ್ಕನ್ನಲ್ಲ

ಈ ಪ್ರಶ್ನೆಗೆ ಉತ್ತರ ತಿಳಿಯಲು, ಹಂದರವನ್ನು ದೇಹದೊಳಗೆ ಇಟ್ಟ ಕ್ಷಣದಿಂದ ಏನೇನು ನಡೆಯುತ್ತದೆ ಎಂದು ಕ್ರಮವಾಗಿ ನೋಡೋಣ.

ಮೊದಲು ಬರುವುದು ನೀರು. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ನೀರಿನ ಅಣುಗಳು ಮೇಲ್ಮೈಯನ್ನು ಆವರಿಸುತ್ತವೆ. ಆಮೇಲೆ ಬರುವವು ರಕ್ತದಲ್ಲಿರುವ ಪ್ರೋಟೀನ್‌ಗಳು. ಸೆಕೆಂಡುಗಳಲ್ಲಿ, ನಿಮಿಷಗಳಲ್ಲಿ ಅವು ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಜೀವಕೋಶ ಬರುವುದು ಇವೆಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ಪಾಲಿಮರ್ ಪ್ರೋಟೀನಿನ ಹೊದಿಕೆಯೊಳಗೆ ಅಡಗಿರುತ್ತದೆ. ಕೋಶ ಓದುವುದು ಈ ಹೊದಿಕೆಯನ್ನು.

ಪ್ರೋಟೀನ್‌ಗಳೂ ಒಮ್ಮೆ ಬಂದು ಕೂತು ಸುಮ್ಮನಾಗುವುದಿಲ್ಲ. ಮೊದಲು ಹೆಚ್ಚು ಸಂಖ್ಯೆಯಲ್ಲಿರುವ, ಬೇಗ ಚಲಿಸುವ ಪ್ರೋಟೀನ್‌ಗಳು ಬಂದು ಕೂರುತ್ತವೆ. ನಂತರ ನಿಧಾನವಾಗಿ ಬರುವ, ಆದರೆ ಹೆಚ್ಚು ಗಟ್ಟಿಯಾಗಿ ಅಂಟುವ ಪ್ರೋಟೀನ್‌ಗಳು ಅವುಗಳನ್ನು ಸರಿಸಿ ಜಾಗ ಹಿಡಿಯುತ್ತವೆ. ರಕ್ತವಿಜ್ಞಾನಿ ಲಿಯೊ ವ್ರೊಮನ್ ಅವರ ಹೆಸರಿನಲ್ಲಿ ಇದನ್ನು ವ್ರೊಮನ್ ಪರಿಣಾಮ ಎನ್ನುತ್ತಾರೆ. ಪ್ರೋಟೀನ್ ಅಂಟಿಕೊಂಡಾಗ ಮೇಲ್ಮೈಯ ತೇವಗೊಳ್ಳುವ ಗುಣವೇ ಬದಲಾಗುವುದನ್ನು ಅವರು 1962ರಲ್ಲಿ ವರದಿ ಮಾಡಿದ್ದರು.

ಎಲ್ಲ ಪ್ರೋಟೀನ್‌ಗಳೂ ಕೋಶಕ್ಕೆ ಹಿಡಿತ ಕೊಡುವುದಿಲ್ಲ. ರಕ್ತದ್ರವದಲ್ಲಿ ಅತಿ ಹೆಚ್ಚಾಗಿರುವ ಆಲ್ಬುಮಿನ್‌ನಲ್ಲಿ ಕೋಶ ಹಿಡಿಯುವ ಹಿಡಿ ಇಲ್ಲ. ಫೈಬ್ರೊನೆಕ್ಟಿನ್ ಎಂಬ ಪ್ರೋಟೀನ್‌ನಲ್ಲಿ ಇದೆ. ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಅಮೈನೊ ಆಮ್ಲಗಳು ಇದೇ ಕ್ರಮದಲ್ಲಿ ಬರುವ ಪುಟ್ಟ ಭಾಗವೇ ಆ ಹಿಡಿ. ಇದನ್ನು ಪಿಯರ್ಶ್‌ಬಾಕರ್ ಮತ್ತು ರುವೊಸ್ಲಾಟಿ 1984ರಲ್ಲಿ ತೋರಿಸಿಕೊಟ್ಟರು. ಕೋಶದ ಪೊರೆಯಲ್ಲಿರುವ ಇಂಟಿಗ್ರಿನ್ ಎಂಬ ಗ್ರಾಹಕಗಳು ಈ ಹಿಡಿಯನ್ನು ಹಿಡಿದುಕೊಳ್ಳುತ್ತವೆ. ಹಿಡಿದ ಮೇಲೆ ಕೋಶ ಹರಡಿಕೊಳ್ಳುತ್ತದೆ, ಬದುಕಲು, ವಿಭಜಿಸಲು, ಮೂಳೆ ಕೋಶವಾಗಿ ಮಾರ್ಪಡಲು ಬೇಕಾದ ಸಂಕೇತಗಳನ್ನು ಒಳಗೆ ಕಳಿಸುತ್ತದೆ. ಹಿಡಿತ ಸಿಗದ ಕೋಶ ದುಂಡಗೆ ಉಳಿದು ಸಾಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ನೀರನ್ನು ದೂರವಿಡುವ ಮೇಲ್ಮೈಯ ಮೇಲೆ ಪ್ರೋಟೀನ್ ಅಂಟುವುದೇ ಇಲ್ಲವೆಂದಲ್ಲ. ಗಟ್ಟಿಯಾಗಿಯೇ ಅಂಟುತ್ತದೆ. ಆದರೆ ತನ್ನ ಮಡಿಕೆ ಬಿಚ್ಚಿಕೊಂಡು, ಆಕಾರ ಕೆಡಿಸಿಕೊಂಡು ಕೂರುತ್ತದೆ, ಹಿಡಿ ಒಳಗೆ ಹುದುಗಿ ಹೋಗಬಹುದು. ಬದಲಾಗಿ ಮೇಲ್ಮೈ ಅತಿಯಾಗಿ ನೀರನ್ನು ಹಿಡಿದುಕೊಂಡರೆ ಪ್ರೋಟೀನ್ ಕೂರಲು ಜಾಗವೇ ಸಿಗುವುದಿಲ್ಲ. ಕೋಶಗಳಿಗೆ ಬೇಕಾದದ್ದು ಇವೆರಡರ ನಡುವಿನ ಮಧ್ಯಮ ಸ್ಥಿತಿ. ಪಿಎಲ್‌ಎ, ಪಿಸಿಎಲ್‌ಗಳು ನೀರನ್ನು ಅಷ್ಟಾಗಿ ಒಲ್ಲದ ಕಡೆಗೆ ಸೇರಿದವು. ಅವುಗಳನ್ನು ಮಧ್ಯಕ್ಕೆ ತರುವುದೇ ಮೇಲ್ಮೈ ಸಂಸ್ಕಾರದ ಮೊದಲ ಕೆಲಸ.

ತರಗತಿಯಲ್ಲಿ ಒಂದು ಹನಿ

ಮೇಲ್ಮೈ ನೀರನ್ನು ಎಷ್ಟು ಇಷ್ಟಪಡುತ್ತದೆ ಎಂದು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಗುಂಜಹಳ್ಳಿಯ ಶಾಲೆಯಲ್ಲಾಗಲಿ, ದೇವದುರ್ಗ ಮಾನ್ವಿಗಳ ಕಾಲೇಜಿನಲ್ಲಾಗಲಿ ಇದನ್ನು ಮಾಡಬಹುದು.

ಒಂದು ಸ್ವಚ್ಛ ಗಾಜಿನ ಪಟ್ಟಿ, ಮೇಣ ಸವರಿದ ಇನ್ನೊಂದು ಗಾಜಿನ ಪಟ್ಟಿ, ಪಾಲಿಥೀನ್ ಹಾಳೆಯ ತುಂಡು ಇಷ್ಟನ್ನು ಸಮತಟ್ಟಾದ ಮೇಜಿನ ಮೇಲಿಡಿ. ಪ್ರತಿಯೊಂದರ ಮೇಲೂ ಡ್ರಾಪರ್‌ನಿಂದ ಒಂದೇ ಗಾತ್ರದ ಪುಟ್ಟ ನೀರಿನ ಹನಿ ಇಳಿಸಿ. ಮೊಬೈಲ್ ಕ್ಯಾಮೆರಾವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಚಿತ್ರ ತೆಗೆಯಿರಿ. ಪಕ್ಕದಲ್ಲೊಂದು ಅಳತೆ ಪಟ್ಟಿ ನಿಲ್ಲಿಸಿದ್ದರೆ ಹನಿಯ ಎತ್ತರವನ್ನೂ ತಳದ ಅಗಲವನ್ನೂ ಚಿತ್ರದಿಂದಲೇ ತಿಳಿಯಬಹುದು.

ಹನಿಯ ಅಂಚು ಮೇಲ್ಮೈಯೊಂದಿಗೆ, ನೀರಿನ ಒಳಗಡೆಯಿಂದ, ಮಾಡುವ ಕೋನವೇ ಸ್ಪರ್ಶಕೋನ. ಇದರ ಸಮತೋಲದ ಬಗ್ಗೆ ಥಾಮಸ್ ಯಂಗ್ 1805ರಲ್ಲೇ ಬರೆದಿದ್ದರು. ಪುಟ್ಟ ಹನಿಯನ್ನು ಗೋಳದ ತುಣುಕೆಂದು ಭಾವಿಸಿದರೆ ಲೆಕ್ಕ ಸುಲಭ. ಎತ್ತರವನ್ನು 2ರಿಂದ ಗುಣಿಸಿ ತಳದ ಅಗಲದಿಂದ ಭಾಗಿಸಿ. ಬಂದ ಸಂಖ್ಯೆ ಯಾವ ಕೋನದ ಟ್ಯಾನ್ ಬೆಲೆಯೋ, ಆ ಕೋನದ ಎರಡರಷ್ಟೇ ಸ್ಪರ್ಶಕೋನ.

ಉದಾಹರಣೆಗೆ, ಹನಿಯ ಎತ್ತರ 1.5 ಮಿಲಿಮೀಟರ್, ತಳದ ಅಗಲ 4 ಮಿಲಿಮೀಟರ್ ಇದ್ದರೆ ಭಾಗಲಬ್ಧ 0.75. ಇದು ಸುಮಾರು 37 ಡಿಗ್ರಿಯ ಟ್ಯಾನ್ ಬೆಲೆ. ಆದ್ದರಿಂದ ಸ್ಪರ್ಶಕೋನ 74 ಡಿಗ್ರಿ. ಅಷ್ಟೇ ನೀರು ಇನ್ನೊಂದು ಮೇಲ್ಮೈಯ ಮೇಲೆ 5.2 ಮಿಲಿಮೀಟರ್ ಅಗಲಕ್ಕೆ ಹರಡಿ 1 ಮಿಲಿಮೀಟರ್ ಎತ್ತರ ನಿಂತರೆ ಸ್ಪರ್ಶಕೋನ ಸುಮಾರು 42 ಡಿಗ್ರಿ. ಏನೂ ಮಾಡದ ಪಿಎಲ್‌ಎ ಹಾಳೆಯ ಸ್ಪರ್ಶಕೋನ ಸಾಮಾನ್ಯವಾಗಿ ಮೊದಲ ಉದಾಹರಣೆಯ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲೆ ಇರುತ್ತದೆ. ಸಂಸ್ಕಾರದ ನಂತರ ಅದು ಎರಡನೆಯದರ ಕಡೆಗೆ ಸರಿಯುತ್ತದೆ.

ಹಾಲಿನ ಪೊಟ್ಟಣವನ್ನೂ ಒಮ್ಮೆ ಗಮನಿಸಿ. ಪಾಲಿಥೀನ್‌ಗೆ ಶಾಯಿ ಅಂಟುವುದಿಲ್ಲ. ಹಾಗಿದ್ದರೂ ಪೊಟ್ಟಣದ ಮೇಲಿನ ಅಕ್ಷರ ಅಳಿಸಿ ಹೋಗುವುದಿಲ್ಲವೇಕೆ? ಅಚ್ಚು ಹಾಕುವ ಮೊದಲು ಆ ಹಾಳೆಯ ಹೊರಮೈಗೆ ಅಧಿಕ ವೋಲ್ಟೇಜಿನ ವಿದ್ಯುತ್ ವಿಸರ್ಜನೆ ಹಾಯಿಸುತ್ತಾರೆ. ಗಾಳಿಯ ಆಕ್ಸಿಜನ್ ಸೀಳಿ ಹಾಳೆಯ ಮೈಗೆ ಸೇರಿಕೊಳ್ಳುತ್ತದೆ, ಶಾಯಿಗೆ ಹಿಡಿತ ಸಿಗುತ್ತದೆ. ಇದಕ್ಕೆ ಕರೋನಾ ಸಂಸ್ಕರಣೆ ಎಂದು ಹೆಸರು. ಮೂಳೆಯ ಹಂದರಕ್ಕೆ ಮಾಡುವುದೂ ಈ ಜಾತಿಯ ಕೆಲಸವೇ. ಅಲ್ಲಿ ಶಾಯಿ ಹಿಡಿಯಬೇಕು, ಇಲ್ಲಿ ಜೀವಕೋಶ ಹಿಡಿಯಬೇಕು.

ಹತ್ತು ಸಾವಿರದಲ್ಲಿ ಒಂದು ಪಾಲು

ಮೇಲ್ಮೈ ಎಷ್ಟು ದೊಡ್ಡದು, ಎಷ್ಟು ತೆಳುವು ಎಂಬುದಕ್ಕೂ ಒಂದು ಲೆಕ್ಕ ಮಾಡೋಣ. 1 ಸೆಂಟಿಮೀಟರ್ ಬದಿಯ ಗಟ್ಟಿ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದೇ ಗಾತ್ರದ ಘನವನ್ನು 0.4 ಮಿಲಿಮೀಟರ್ ದಪ್ಪದ ಎಳೆಗಳಿಂದ, ಅರ್ಧದಷ್ಟು ಜಾಗ ಖಾಲಿ ಬಿಟ್ಟು ಹೆಣೆದರೆ? ಎಳೆಗಳ ಒಟ್ಟು ಗಾತ್ರ 0.5 ಘನ ಸೆಂಟಿಮೀಟರ್. ಸಿಲಿಂಡರಿನ ಪಾರ್ಶ್ವ ಮೇಲ್ಮೈ ಅದರ ಗಾತ್ರದ ನಾಲ್ಕರಷ್ಟನ್ನು ವ್ಯಾಸದಿಂದ ಭಾಗಿಸಿದಷ್ಟು. ಹಾಗಾಗಿ ಎಳೆಗಳ ಮೇಲ್ಮೈ 50 ಚದರ ಸೆಂಟಿಮೀಟರ್! ಎಳೆಗಳು ಒಂದಕ್ಕೊಂದು ಅಂಟಿದ ಜಾಗವನ್ನು ಕಳೆದರೂ ಗಟ್ಟಿ ಘನಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಸಂಸ್ಕಾರ ಈ ಮೇಲ್ಮೈಯ 10 ನ್ಯಾನೊಮೀಟರ್ ಆಳಕ್ಕೆ ಮಾತ್ರ ತಲಪಿತು ಎನ್ನಿ. ಬದಲಾದ ಪದಾರ್ಥ ಒಟ್ಟು ಪಾಲಿಮರಿನ ಹತ್ತು ಸಾವಿರದಲ್ಲಿ ಒಂದು ಪಾಲು ಅಷ್ಟೆ. ಹಂದರದ ಬಲ, ಕರಗುವ ವೇಗಗಳು ಉಳಿದ 9,999 ಪಾಲಿನಲ್ಲಿವೆ. ಕೋಶ ಕೂರುತ್ತದೋ ಇಲ್ಲವೋ ಎಂಬುದು ಆ ಒಂದು ಪಾಲಿನಲ್ಲಿದೆ. ಒಳಗನ್ನು ಕೆಡಿಸದೆ ಹೊರಗನ್ನು ಬದಲಿಸಬೇಕು ಎಂಬ ನಿಯಮ ಇದರಿಂದಲೇ ಬರುತ್ತದೆ.

ಸಂಸ್ಕಾರದ ಕೆಲವು ದಾರಿಗಳು

ಕ್ಷಾರದಲ್ಲಿ ಅದ್ದುವುದು: ಇದು ಎಲ್ಲಕ್ಕಿಂತ ಸರಳ, ಅಗ್ಗ. ಹಂದರವನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನಿಗದಿತ ಹೊತ್ತು ಇಡುತ್ತಾರೆ. ಮೇಲ್ಮೈಯ ಎಸ್ಟರ್ ಬಂಧಗಳು ಒಡೆದು ಕಾರ್ಬಾಕ್ಸಿಲ್ ಮತ್ತು ಹೈಡ್ರಾಕ್ಸಿಲ್ ಗುಂಪುಗಳು ಹೊರಗೆ ತೆರೆದುಕೊಳ್ಳುತ್ತವೆ. ನೀವು ಪಾಠದಲ್ಲಿ ಓದುವ ಸಾಬೂನು ತಯಾರಿಕೆಯ ಕ್ರಿಯೆಯೂ ಇದೇ. ಅಲ್ಲಿ ಕೊಬ್ಬಿನ ಎಸ್ಟರ್ ಒಡೆಯುತ್ತದೆ, ಇಲ್ಲಿ ಪಾಲಿಮರಿನದು. ಜೊತೆಗೆ ಮೈ ಸ್ವಲ್ಪ ಕೊರೆದು ಒರಟಾಗುತ್ತದೆ. ಗಾರೆ ಹಿಡಿಯಲೆಂದು ಗೌಂಡಿ ನುಣುಪಾದ ಗೋಡೆಯನ್ನು ಉಳಿಯಿಂದ ಕೆತ್ತುವ ಹಾಗೆ, ಈ ಒರಟುತನವೂ ಕೋಶಕ್ಕೆ ಅನುಕೂಲ. ಹೊತ್ತು ಮೀರಿದರೆ ಮಾತ್ರ ಎಳೆಯೇ ಸವೆದು ಹಂದರ ದುರ್ಬಲವಾಗುತ್ತದೆ.

ಪ್ಲಾಸ್ಮಾ: ಕಡಿಮೆ ಒತ್ತಡದಲ್ಲಿ ಆಕ್ಸಿಜನ್, ಆರ್ಗಾನ್ ಅಥವಾ ಅಮೋನಿಯ ಅನಿಲಕ್ಕೆ ವಿದ್ಯುತ್ ಕ್ಷೇತ್ರ ಕೊಟ್ಟಾಗ ಅದು ಅಯಾನುಗಳ, ಎಲೆಕ್ಟ್ರಾನುಗಳ ಹೊಳೆಯುವ ಮಿಶ್ರಣವಾಗುತ್ತದೆ. ಇದು ಪಾಲಿಮರಿನ ಹೊರಮೈಯನ್ನು ಮಾತ್ರ ಮುಟ್ಟಿ ಹೊಸ ಗುಂಪುಗಳನ್ನು ಕೂರಿಸುತ್ತದೆ. ದ್ರಾವಣದ ಗೊಡವೆ ಇಲ್ಲ, ಕೆಲವು ನಿಮಿಷಗಳ ಕೆಲಸ. ಪ್ರಯೋಗಾಲಯಗಳಲ್ಲಿ ಕೋಶ ಬೆಳೆಸುವ ಪಾಲಿಸ್ಟೈರೀನ್ ತಟ್ಟೆಗಳನ್ನೂ ಇಂಥ ವಿದ್ಯುತ್ ವಿಸರ್ಜನೆಯಿಂದಲೇ ಕೋಶ ಹಿಡಿಯುವಂತೆ ಮಾಡಿರುತ್ತಾರೆ. ದಪ್ಪ ಹಂದರದ ಒಳಗಿನ ರಂಧ್ರಗಳಿಗೆ ಪ್ಲಾಸ್ಮಾ ಸಮನಾಗಿ ತಲಪುವುದಿಲ್ಲ ಎಂಬುದು ಇದರ ಕೊರತೆ. ಹೊರಗೆ ಚೆನ್ನಾಗಿ ಸಂಸ್ಕಾರಗೊಂಡ ಹಂದರ ಒಳಗೆ ಹಳೆಯದಾಗಿಯೇ ಉಳಿದಿರಬಹುದು.

ಜೈವಿಕ ಅಣುಗಳನ್ನು ಕಟ್ಟುವುದು: ಮೇಲ್ಮೈಯಲ್ಲಿ ಅಮೈನ್ ಅಥವಾ ಕಾರ್ಬಾಕ್ಸಿಲ್ ಗುಂಪುಗಳು ಬಂದ ಮೇಲೆ ಅವುಗಳಿಗೆ ಕೊಲಾಜನ್, ಜೆಲಾಟಿನ್ ಅಥವಾ ಮೇಲೆ ಹೇಳಿದ ಮೂರು ಅಮೈನೊ ಆಮ್ಲಗಳ ತುಣುಕನ್ನೇ ರಾಸಾಯನಿಕ ಬಂಧದಿಂದ ಕಟ್ಟಬಹುದು. ರಕ್ತದ ಪ್ರೋಟೀನ್ ಹಿಡಿ ತರಲಿ ಎಂದು ಕಾಯುವ ಬದಲು ಹಿಡಿಯನ್ನು ಮೊದಲೇ ನೆಟ್ಟಂತೆ.

ಪಚ್ಚಿಲೆಯ ಅಂಟು: ಕರಾವಳಿಯ ಬಂಡೆಗಳಿಗೆ ಅಂಟಿ ಬದುಕುವ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ಅಲೆಗಳು ಕೀಳಲಾರವು. ಈ ಬಗೆಯ ಜೀವಿಗಳ ಅಂಟಿನ ರಸಾಯನ ವಿಜ್ಞಾನದಿಂದ ಪ್ರೇರಣೆ ಪಡೆದು ಅಮೆರಿಕದ ಫಿಲಿಪ್ ಮೆಸ್ಸರ್‌ಸ್ಮಿತ್ ಅವರ ತಂಡ 2007ರಲ್ಲಿ ಒಂದು ಸುಲಭ ವಿಧಾನ ಪ್ರಕಟಿಸಿತು. ಪಿಎಚ್ 8.5ರ ದುರ್ಬಲ ಕ್ಷಾರೀಯ ದ್ರಾವಣದಲ್ಲಿ ಡೋಪಮೀನ್ ಕರಗಿಸಿ ವಸ್ತುವನ್ನು ಅದರಲ್ಲಿ ಮುಳುಗಿಸಿಟ್ಟರೆ ಸಾಕು, ಬಹುತೇಕ ಯಾವ ವಸ್ತುವಿನ ಮೇಲಾದರೂ ತೆಳುವಾದ ಕಂದು ಪೊರೆ ಬೆಳೆಯುತ್ತದೆ. ದ್ರಾವಣ ಹೋದ ಕಡೆಯೆಲ್ಲ ಪೊರೆಯೂ ಹೋಗುವುದರಿಂದ ಒಳರಂಧ್ರಗಳೂ ಮುಚ್ಚಿಹೋಗದೆ ಲೇಪಗೊಳ್ಳುತ್ತವೆ.

ಖನಿಜದ ಲೇಪ: ನಮ್ಮ ಮೂಳೆಯ ತೂಕದ ಮೂರನೆಯ ಎರಡು ಭಾಗದಷ್ಟು ಖನಿಜ. ಅದು ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಜಾತಿಯದು. ಅದನ್ನೇ ಹಂದರದ ಮೇಲೆ ಬೆಳೆಸಿದರೆ ಮೂಳೆ ಕೋಶಗಳಿಗೆ ಪರಿಚಿತ ನೆಲ ಸಿಕ್ಕಂತೆ. ಜಪಾನಿನ ತದಾಶಿ ಕೊಕುಬೊ ರೂಪಿಸಿದ, ರಕ್ತದ್ರವದಲ್ಲಿರುವಷ್ಟೇ ಲವಣಗಳಿರುವ ದ್ರಾವಣದಲ್ಲಿ ಹಂದರವನ್ನು ದಿನಗಟ್ಟಲೆ ಇಟ್ಟು ಇದನ್ನು ಮಾಡುತ್ತಾರೆ. ಬರಿಯ ಪಾಲಿಮರಿನ ಮೇಲೆ ಖನಿಜ ಸುಲಭವಾಗಿ ಕೂರದು. ಕಾರ್ಬಾಕ್ಸಿಲ್ ಗುಂಪುಗಳಿದ್ದರೆ ಅವು ಮೊದಲು ಕ್ಯಾಲ್ಸಿಯಂ ಅಯಾನುಗಳನ್ನು ಸೆಳೆಯುತ್ತವೆ, ಅವು ಫಾಸ್ಫೇಟನ್ನು ಸೆಳೆಯುತ್ತವೆ, ಹರಳು ಬೆಳೆಯತೊಡಗುತ್ತದೆ.

ಬೆಂಗಳೂರಿನಲ್ಲಿ ನಡೆದ ಕೆಲಸ

ಈ ದಾರಿಗಳನ್ನು ಒಂದರ ಮೇಲೊಂದು ಜೋಡಿಸಿದ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪದಾರ್ಥ ಎಂಜಿನಿಯರಿಂಗ್ ವಿಭಾಗದಲ್ಲಿ ಕೌಶಿಕ್ ಚಟರ್ಜಿ ಅವರ ತಂಡ ಮೂಳೆ ಹಂದರಗಳ ಮೇಲೆ ಬಹುಕಾಲದಿಂದ ಕೆಲಸ ಮಾಡಿದೆ. ಎಲ್. ಆರ್. ಜಯದೇವ್ ಮತ್ತು ಚಟರ್ಜಿ 'ಮೆಟೀರಿಯಲ್ಸ್ ಅಂಡ್ ಡಿಸೈನ್' ಪತ್ರಿಕೆಯಲ್ಲಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತ್ರಿಆಯಾಮ ಮುದ್ರಣದಿಂದ ಮಾಡಿದ ಪಿಎಲ್‌ಎ ಹಂದರವನ್ನು ತೆಗೆದುಕೊಂಡರು. ಮೊದಲು ಅದರ ಮೇಲ್ಮೈಗೆ ಪಾಲಿಎಥಿಲೀನ್‌ಇಮೀನ್ ಎಂಬ, ಅಮೈನ್ ಗುಂಪುಗಳಿಂದ ತುಂಬಿದ ಪಾಲಿಮರನ್ನು ಕಟ್ಟಿದರು. ಅದಕ್ಕೆ ಸಿಟ್ರಿಕ್ ಆಮ್ಲ ಜೋಡಿಸಿದರು. ಕೊನೆಗೆ ಅದರ ಮೇಲೆ ಕ್ಯಾಲ್ಸಿಯಂ ಫಾಸ್ಫೇಟ್ ಕೂರಿಸಿದರು. ಬರಿಯ ಪಿಎಲ್‌ಎಗಿಂತ ಇಂಥ ಹಂದರದ ಮೇಲೆ ಆಕರಕೋಶಗಳು ಚೆನ್ನಾಗಿ ಬೆಳೆದು ಮೂಳೆಯ ಕಡೆಗೆ ಮಾರ್ಪಡುವುದು ಕಂಡುಬಂತು.

ಸಿಟ್ರಿಕ್ ಆಮ್ಲವೇ ಏಕೆ? ನಿಂಬೆಹಣ್ಣಿನ ಹುಳಿಗೆ ಕಾರಣವಾದ ಈ ಆಮ್ಲದ ಒಂದೊಂದು ಅಣುವಿನಲ್ಲೂ ಮೂರು ಕಾರ್ಬಾಕ್ಸಿಲ್ ಗುಂಪುಗಳಿವೆ. ಒಂದನ್ನು ಹಂದರಕ್ಕೆ ಕಟ್ಟಿದರೂ ಉಳಿದವು ಕ್ಯಾಲ್ಸಿಯಂ ಹಿಡಿಯಲು ಸಿಗುತ್ತವೆ. ಅಷ್ಟೇ ಅಲ್ಲ, ಸಿಟ್ರೇಟ್ ನಮ್ಮ ಮೂಳೆಯಲ್ಲಿ ಸಹಜವಾಗಿಯೇ ಇದೆ. ಖನಿಜದ ಹರಳುಗಳ ಮೈಗೆ ಅಂಟಿಕೊಂಡು ಅವು ಕೆಲವೇ ನ್ಯಾನೊಮೀಟರಿಗಿಂತ ದಪ್ಪವಾಗದಂತೆ ಅದು ತಡೆಯುತ್ತದೆ.

ಖನಿಜ ಹೆಚ್ಚಾದಷ್ಟೂ ಒಳ್ಳೆಯದೇ?

ಹಾಗಾದರೆ ಲೇಪ ದಪ್ಪವಿದ್ದಷ್ಟೂ ಒಳ್ಳೆಯದಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಅಲ್ಲ. ದಪ್ಪ ಲೇಪ ಗಡುಸಾದರೂ ಬಿರುಸು. ಕೆಳಗಿನ ಪಾಲಿಮರ್ ಬಾಗಿದಾಗ ಅದು ಬಾಗದೆ ಬಿರಿದು ಕಳಚುತ್ತದೆ. ಸಣ್ಣ ರಂಧ್ರಗಳನ್ನು ಮುಚ್ಚಲೂಬಹುದು.

ರಾಯಚೂರು ಸೀಮೆಯ ಶಿಕ್ಷಕರಿಗೆ ಇದನ್ನು ವಿವರಿಸಲು ಹತ್ತಿರದ ಉದಾಹರಣೆಯೊಂದಿದೆ. ಈ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೂ 1.5 ಮಿಲಿಗ್ರಾಂ ದಾಟಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಫ್ಲೋರೈಡ್ ಅಯಾನು ಮೂಳೆಯ ಖನಿಜದಲ್ಲಿರುವ ಹೈಡ್ರಾಕ್ಸಿಲ್ ಅಯಾನಿನ ಜಾಗ ಹಿಡಿಯುತ್ತದೆ. ವರ್ಷಗಟ್ಟಲೆ ಇದು ನಡೆದರೆ ಎಕ್ಸ್‌ರೇಯಲ್ಲಿ ಮೂಳೆ ಹೆಚ್ಚು ದಟ್ಟವಾಗಿ ಕಾಣುತ್ತದೆ, ಆದರೆ ಅದರ ಗುಣ ಕೆಟ್ಟು ಸುಲಭವಾಗಿ ಮುರಿಯಬಹುದು. ಮೂಳೆಯ ಗಟ್ಟಿತನ ಖನಿಜದ ಪ್ರಮಾಣದಿಂದಷ್ಟೇ ಬರುವುದಿಲ್ಲ. ಖನಿಜ ಮತ್ತು ಕೊಲಾಜನ್ ಎಳೆಗಳು ಸರಿಯಾದ ಅಳತೆಯಲ್ಲಿ ಹೆಣೆದುಕೊಂಡಾಗ ಬರುತ್ತದೆ. ಹಂದರದ ಲೇಪಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮೂಳೆಯ ಮೇಲ್ಮೈ ಸುತ್ತಲಿನ ದ್ರವದೊಂದಿಗೆ ಸದಾ ಅಯಾನುಗಳನ್ನು ಕೊಟ್ಟು ತೆಗೆದುಕೊಳ್ಳುತ್ತಲೇ ಇರುತ್ತದೆ ಎಂಬುದನ್ನೂ ಈ ಉದಾಹರಣೆ ತೋರಿಸುತ್ತದೆ.

ಬೇಸಿಗೆಯನ್ನು ದಾಟಬೇಕು

ಪ್ರಯೋಗಾಲಯದಲ್ಲಿ ಸಂಸ್ಕಾರ ಮಾಡಿದ ಹಂದರವನ್ನು ಸಾಮಾನ್ಯವಾಗಿ ಬೇಗನೆ ಪರೀಕ್ಷಿಸುತ್ತಾರೆ. ಆಸ್ಪತ್ರೆಗೆ ಹೋಗಬೇಕಾದ ಹಂದರದ ಕಥೆ ಬೇರೆ. ಅದನ್ನು ಕ್ರಿಮಿಶುದ್ಧ ಮಾಡಬೇಕು, ಪೊಟ್ಟಣ ಕಟ್ಟಬೇಕು, ಸಾಗಿಸಬೇಕು, ಬೇಕಾಗುವ ತನಕ ಕಪಾಟಿನಲ್ಲಿ ಇಡಬೇಕು. ಈ ಅವಧಿಯಲ್ಲಿ ಮೇಲ್ಮೈ ಹಾಗೆಯೇ ಉಳಿದಿರುತ್ತದೆಯೇ?

ಯಾವಾಗಲೂ ಇಲ್ಲ. ಘನವಾಗಿ ಕಂಡರೂ ಪಾಲಿಮರಿನ ಸರಪಣಿಗಳು ಒಳಗೆ ಸ್ವಲ್ಪ ಸ್ವಲ್ಪ ಹೊರಳುತ್ತಿರುತ್ತವೆ. ಪ್ಲಾಸ್ಮಾದಿಂದ ಕೂರಿಸಿದ ನೀರುಪ್ರಿಯ ಗುಂಪುಗಳು ಒಣ ಗಾಳಿಯಲ್ಲಿ ನಿಧಾನವಾಗಿ ಒಳಮುಖವಾಗುತ್ತವೆ, ಹಳೆಯ ಮೈ ಮತ್ತೆ ಮೇಲೆ ಬರುತ್ತದೆ. ದಿನ ಕಳೆದಂತೆ ಸ್ಪರ್ಶಕೋನ ಮತ್ತೆ ಏರುತ್ತದೆ. ಉಷ್ಣತೆ ಹೆಚ್ಚಿದ್ದಷ್ಟೂ ಈ ಹೊರಳಾಟ ಬೇಗ. ಹಳೆಯ ಪಾಲಿಥೀನ್ ಹಾಳೆಗೆ ಅಚ್ಚು ಸರಿಯಾಗಿ ಹಿಡಿಯದಿರುವುದಕ್ಕೂ ಇದೊಂದು ಕಾರಣ.

ಈಗ ರಾಯಚೂರಿನ ಬೇಸಿಗೆಯನ್ನು ನೆನೆಯಿರಿ. ಏಪ್ರಿಲ್ ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರು. ಬಿಸಿಲಿನಲ್ಲಿ ನಿಂತ ಮುಚ್ಚಿದ ವಾಹನದ ಒಳಗೆ ಉಷ್ಣತೆ ಇನ್ನೂ ಎಷ್ಟೋ ಮೇಲೆ ಹೋಗುತ್ತದೆ. ಪಿಸಿಎಲ್ ಕರಗುವುದೇ ಸುಮಾರು 60 ಡಿಗ್ರಿಯಲ್ಲಿ. ಪಿಎಲ್‌ಎ 55ರಿಂದ 60 ಡಿಗ್ರಿಯಲ್ಲಿ ಮೆತ್ತಗಾಗತೊಡಗುತ್ತದೆ. ಕೊಲಾಜನ್‌ನಂಥ ಪ್ರೋಟೀನ್ ಲೇಪಕ್ಕೆ ಶೀತಲ ಸಂಗ್ರಹ ಬೇಕು, ವಿದ್ಯುತ್ ಕೈಕೊಟ್ಟರೆ ಲೇಪದ ಗುಣ ಹೋಗಬಹುದು. ಹೀಗಾಗಿ ಬೆಂಗಳೂರಿನ ಹವಾನಿಯಂತ್ರಿತ ಕೊಠಡಿಯಲ್ಲಿ ಅತ್ಯುತ್ತಮವಾಗಿ ಕಂಡ ಸಂಸ್ಕಾರವೇ ಸುಮಾರು 400 ಕಿಲೋಮೀಟರ್ ದೂರದ ರಾಯಚೂರಿನ ಕಪಾಟಿಗೆ ಸರಿಯಾದದ್ದು ಎನ್ನಲಾಗದು. ಖನಿಜದ ತೆಳು ಲೇಪ ಬಿಸಿಗೆ ಜಗ್ಗುವುದಿಲ್ಲ, ಹೊರಳಿ ಒಳಗೆ ಹೋಗುವುದೂ ಇಲ್ಲ. ನಮ್ಮಂಥ ಹವೆಗೆ ಇದು ದೊಡ್ಡ ಅನುಕೂಲ. ಆದರೆ ಹಂದರದ ಪಾಲಿಮರನ್ನು ಮಾತ್ರ ಆಗಲೂ ಬಿಸಿಯಿಂದ ಕಾಪಾಡಲೇಬೇಕು.

ಕ್ರಿಮಿಶುದ್ಧಿಯೂ ಸುಲಭದ ಹೆಜ್ಜೆಯಲ್ಲ. ಶಸ್ತ್ರಕ್ರಿಯೆಯ ಉಕ್ಕಿನ ಉಪಕರಣಗಳಂತೆ 121 ಡಿಗ್ರಿಯ ಹಬೆಯಲ್ಲಿ ಇಟ್ಟರೆ ಪಿಸಿಎಲ್ ಹಂದರ ಕರಗಿ ಮುದ್ದೆಯಾಗುತ್ತದೆ. ಗಾಮಾ ಕಿರಣ ಬಳಸಿದರೆ ಪಾಲಿಮರಿನ ಸರಪಣಿಗಳು ತುಂಡಾಗಬಹುದು. ಎಥಿಲೀನ್ ಆಕ್ಸೈಡ್ ಅನಿಲ ಬಳಸಿದರೆ ಅದರ ಅಂಶ ಉಳಿಯದಂತೆ ನೋಡಿಕೊಳ್ಳಬೇಕು, ಅದು ಮೇಲ್ಮೈಯ ಅಮೈನ್ ಗುಂಪುಗಳೊಂದಿಗೆ ವರ್ತಿಸಲೂಬಹುದು. ಆದ್ದರಿಂದ ಮೇಲ್ಮೈಯನ್ನು ಅಳೆಯಬೇಕಾದದ್ದು ಕ್ರಿಮಿಶುದ್ಧಿಯ ನಂತರ.

ಸುದ್ದಿಯನ್ನು ಓದುವಾಗ

ಪಿಸಿಎಲ್‌ನಿಂದ ಮಾಡಿದ ಜಾಲರಿಗಳು ತಲೆಬುರುಡೆಯ ಸಣ್ಣ ರಂಧ್ರಗಳನ್ನು ಮುಚ್ಚಲು ಈಗಾಗಲೇ ಕೆಲವು ದೇಶಗಳಲ್ಲಿ ಬಳಕೆಯಲ್ಲಿವೆ. ಕಾಲಿನಂತೆ ಭಾರ ಹೊರುವ ಮೂಳೆಯ ದೊಡ್ಡ ಅಂತರ ತುಂಬುವುದು ಇದಕ್ಕಿಂತ ಬಹಳ ಕಷ್ಟದ ಕೆಲಸ. ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲಿನ ಫಲಿತಾಂಶ ಮೊದಲ ಮೆಟ್ಟಿಲು. ಅದಾದ ಮೇಲೆ ಪ್ರಾಣಿಗಳಲ್ಲಿ ಪರೀಕ್ಷೆ, ಆಮೇಲೆ ಮನುಷ್ಯರಲ್ಲಿ ವಿಧಿವತ್ತಾದ ಪರೀಕ್ಷೆ ಆಗಬೇಕು. ನಮ್ಮ ದೇಶದಲ್ಲಿ ಇಂಥ ಸಾಧನಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿಯಲ್ಲಿ ಅನುಮತಿ ಪಡೆಯಬೇಕು. ತಟ್ಟೆಯಲ್ಲಿ ಗೆದ್ದ ಎಷ್ಟೋ ಮೇಲ್ಮೈಗಳು ದೇಹದಲ್ಲಿ ಸೋಲುತ್ತವೆ. ತಟ್ಟೆಯಲ್ಲಿ ರಕ್ತನಾಳ ಬೆಳೆಯಬೇಕಿಲ್ಲ, ಉರಿಯೂತವಿಲ್ಲ, ಬ್ಯಾಕ್ಟೀರಿಯಾಗಳ ಪೈಪೋಟಿ ಇಲ್ಲ. ಕೋಶ ಹಿಡಿಯುವ ಮೇಲ್ಮೈಯನ್ನು ಬ್ಯಾಕ್ಟೀರಿಯಾವೂ ಹಿಡಿಯಬಲ್ಲದು ಎಂಬುದನ್ನು ಮರೆಯುವಂತಿಲ್ಲ.

ಆದ್ದರಿಂದ 'ಪ್ಲಾಸ್ಟಿಕ್‌ನಿಂದ ಮೂಳೆ' ಎಂಬ ಸುದ್ದಿ ಪತ್ರಿಕೆಯಲ್ಲಿ ಕಂಡಾಗ ನಿಮ್ಮ ತರಗತಿಯಲ್ಲಿ ಕೆಲವು ಪ್ರಶ್ನೆಗಳನ್ನು ಕೇಳಿ ನೋಡಿ. ಸಂಸ್ಕಾರ ಮಾಡದ ಹಂದರದೊಂದಿಗೆ ಹೋಲಿಸಿದ್ದಾರೆಯೇ? ಸಂಸ್ಕಾರ ಒಳಗಿನ ರಂಧ್ರಗಳಿಗೂ ತಲಪಿದೆಯೇ? ಆಮೇಲೆ ಹಂದರದ ಬಲ ಎಷ್ಟು ಉಳಿದಿದೆ? ಪರೀಕ್ಷೆ ನಡೆದದ್ದು ತಟ್ಟೆಯಲ್ಲೋ, ಪ್ರಾಣಿಯಲ್ಲೋ, ಮನುಷ್ಯರಲ್ಲೋ? ಕ್ರಿಮಿಶುದ್ಧ ಮಾಡಿ, ಕೆಲವು ತಿಂಗಳು ಇಟ್ಟು, ಆಮೇಲೆ ಅಳೆದಿದ್ದಾರೆಯೇ? ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದರು?

ಕೊನೆಯ ಪ್ರಶ್ನೆಯನ್ನು ರಾಯಚೂರಿನ ಮಕ್ಕಳು ಉಳಿದವರಿಗಿಂತ ಮೊದಲೇ ಕೇಳುತ್ತಾರೆ. ಅದಕ್ಕೆ ಉತ್ತರ ಹುಡುಕಲು ಪಾಲಿಮರ್ ರಸಾಯನವಿಜ್ಞಾನ, ಜೀವವಿಜ್ಞಾನ, ಭೌತವಿಜ್ಞಾನ ಮೂರೂ ತಿಳಿದವರು ಬೇಕು. ಅಂಥವರಲ್ಲಿ ಕೆಲವರು ಇದೇ ಬಿಸಿಲಿನಲ್ಲಿ ಬೆಳೆದವರಾದರೆ, ಗುಂಜಹಳ್ಳಿಯ ರೈತರಿಗೆ ಸೊಂಟದ ಎರಡನೆಯ ಗಾಯ ತಪ್ಪಿಸುವ ಕೆಲಸ ಇನ್ನಷ್ಟು ಬೇಗ ಆಗಬಹುದು.